ತಿರುವಲ್ಲಿಕ್ಕೇಣಿಯ ಮೇಷ್ಟ್ರು ಎರಡನೇ ಪತ್ರಿಕೆ ಶುರುಮಾಡಿದ್ದು ಯಾಕೆ?

1889ರಲ್ಲಿ ಮುಂಬಯಿಯಲ್ಲಿ ಒಂದು ಮದುವೆ ನಡೆಯಿತು. ಹುಡುಗಿಯ ಹೆಸರು ಶಿವಪ್ರಿಯಮ್ಮಾಳ್. ತಂಜಾವೂರು ಸೀಮೆಯ ಅಯ್ಯರ್ ಮನೆತನ. ಅವಳಿಗೆ ಇದು ಎರಡನೇ ಮದುವೆ. ಮೊದಲನೆಯದು ಬಾಲ್ಯದಲ್ಲೇ ಆಗಿತ್ತು. ಗಂಡ ತೀರಿಕೊಂಡಾಗ ಅವಳಿನ್ನೂ ಎಳೆಯ ಹುಡುಗಿ. ಆ ಕಾಲದ ಅಂಥ ಮನೆಗಳಲ್ಲಿ ಮುಂದೇನು ಅಂತ ಯಾರೂ ಕೇಳುತ್ತಿರಲಿಲ್ಲ. ತಲೆ ಬೋಳಿಸುವುದು, ಒಡವೆ ಕಳಚುವುದು, ಒಪ್ಪತ್ತು ಊಟ, ಮನೆಯಲ್ಲಿ ಶುಭಕಾರ್ಯ ಇದ್ದರೆ ಒಳಕೋಣೆ. ಅಪ್ಪ ಅದೆಲ್ಲ ಬೇಡ ಅಂದರು. ಮಗಳಿಗೆ ಮತ್ತೆ ಗಂಡು ಹುಡುಕಿದರು.

ಆ ಅಪ್ಪ ಜಿ. ಸುಬ್ರಹ್ಮಣ್ಯ ಅಯ್ಯರ್. 'ದಿ ಹಿಂದೂ' ಪತ್ರಿಕೆ ಕಟ್ಟಿದವರಲ್ಲಿ ಒಬ್ಬರು, ಅದರ ಮೊದಲ ಸಂಪಾದಕರು. ಇಷ್ಟು ನಮ್ಮಲ್ಲೂ ಹಲವರಿಗೆ ಗೊತ್ತು. ಅವರು ಇನ್ನೊಂದು ಪತ್ರಿಕೆಯನ್ನೂ ಕಟ್ಟಿದ್ದರು ಅನ್ನುವುದು ಗೊತ್ತಿರುವವರು ಕಡಿಮೆ. ಅದು ತಮಿಳಿನ 'ಸ್ವದೇಶಮಿತ್ರನ್'. 1882ರಲ್ಲಿ ವಾರಪತ್ರಿಕೆಯಾಗಿ ಹುಟ್ಟಿ, 1899ರಲ್ಲಿ ದಿನಪತ್ರಿಕೆಯಾಯಿತು. ತಮಿಳರು ತಮ್ಮ ಭಾಷೆಯಲ್ಲಿ ತಾವೇ ನಡೆಸಿದ ಮೊದಲ ದಿನಪತ್ರಿಕೆ ಅಂತ ಅದಕ್ಕೆ ಹೆಸರು.

ಒಂದು ಪತ್ರಿಕೆ ನಡೆಸುವುದೇ ಕೈ ಸುಡುವ ಕೆಲಸ. ಇಂಗ್ಲಿಷ್ ಪತ್ರಿಕೆಗೆ ಇನ್ನೂ ನಾಲ್ಕು ವರ್ಷ, ಅದೂ ವಾರಕ್ಕೊಮ್ಮೆ ಬರುತ್ತಿದ್ದದ್ದು. ಅಷ್ಟರಲ್ಲಿ ತಮಿಳಿನಲ್ಲಿ ಇನ್ನೊಂದನ್ನು ಶುರುಮಾಡುವ ಉಸಾಬರಿ ಯಾಕೆ ಬೇಕಿತ್ತು? ಈ ಪ್ರಶ್ನೆಯ ಬಾಲ ಹಿಡಿದು ಹೋದರೆ ಆ ಕಾಲದ ರಾಜಕೀಯ, ಕಂದಾಯ, ವಿಧವೆಯರ ಸಮಸ್ಯೆ ಎಲ್ಲವೂ ಒಂದಕ್ಕೊಂದು ಗಂಟು ಬಿದ್ದಿರುವುದು ಕಾಣುತ್ತದೆ.

ಮೊದಲು ಇಂಗ್ಲಿಷ್ ಪತ್ರಿಕೆಯ ಕಥೆ. 1878ರಲ್ಲಿ ಮದರಾಸು ಹೈಕೋರ್ಟಿಗೆ ಮೊದಲ ಬಾರಿಗೆ ಒಬ್ಬ ಭಾರತೀಯ ನ್ಯಾಯಾಧೀಶರಾದರು, ಟಿ. ಮುತ್ತುಸ್ವಾಮಿ ಅಯ್ಯರ್. ಬಡತನದಲ್ಲಿ ಬೆಳೆದು, ಹುಡುಗನಾಗಿದ್ದಾಗ ತಿಂಗಳಿಗೆ ಒಂದು ರೂಪಾಯಿಗೆ ಗುಮಾಸ್ತಿಕೆ ಮಾಡಿದ್ದ ಮನುಷ್ಯ. ಊರಿನ ಬಿಳಿಯರ ಪತ್ರಿಕೆಗಳಿಗೆ ಇದು ಸಹಿಸಲಿಲ್ಲ, ಸಿಕ್ಕಾಪಟ್ಟೆ ಬರೆದವು. ಅದಕ್ಕೆ ಉತ್ತರ ಕೊಡೋಣ ಅಂದರೆ ನಮ್ಮವರದ್ದು ಅಂತ ಒಂದು ಪತ್ರಿಕೆಯೂ ಇರಲಿಲ್ಲ. ತಿರುವಲ್ಲಿಕ್ಕೇಣಿ, ಅಂದರೆ ಟ್ರಿಪ್ಲಿಕೇನ್‌ನಲ್ಲಿ ಆರು ಜನ ಗೆಳೆಯರಿದ್ದರು. ಇಬ್ಬರು ಮೇಷ್ಟ್ರು, ನಾಲ್ವರು ಕಾನೂನು ಓದುವ ಹುಡುಗರು. ಒಂದು ರೂಪಾಯಿ ಹನ್ನೆರಡಾಣೆ ಸಾಲ ಮಾಡಿ, ಮಿಂಟ್ ಸ್ಟ್ರೀಟಿನ ಶ್ರೀನಿಧಿ ಪ್ರೆಸ್ಸಿನಲ್ಲಿ 80 ಪ್ರತಿ ಅಚ್ಚು ಹಾಕಿಸಿದರು. ಅದು ಸೆಪ್ಟೆಂಬರ್ 20, 1878. ಸುಬ್ರಹ್ಮಣ್ಯ ಅಯ್ಯರಿಗೆ ಆಗ 23 ವರ್ಷ. ತ್ಯಾಗರಾಜರ ಸಮಾಧಿ ಇರುವ ತಿರುವೈಯಾರಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಅಪ್ಪನನ್ನು ಕಳೆದುಕೊಂಡು, ಮದರಾಸಿಗೆ ಬಂದು ಮೇಷ್ಟ್ರಾದವರು.

ಆ ವರ್ಷವನ್ನು ಇನ್ನೊಂದು ಕಾರಣಕ್ಕೂ ಗಮನಿಸಬೇಕು. 1876ರಿಂದ 78ರವರೆಗೆ ದಕ್ಷಿಣಕ್ಕೆ ಬಡಿದದ್ದು ಮಹಾಬರ. ಹಳೇ ಮೈಸೂರಿನಲ್ಲಿ ಅದು ಧಾತು ಈಶ್ವರದ ಬರ. ತಮಿಳರೂ ಸಂವತ್ಸರದ ಹೆಸರಿನಲ್ಲೇ ಅದನ್ನು 'ಧಾತು ವರುಷದ ಪಂಜಂ' ಅನ್ನುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಸತ್ತರು. ಮದರಾಸು ಪ್ರಾಂತ್ಯದಲ್ಲಿ ಸತ್ತವರು ಹತ್ತಾರು ಲಕ್ಷ. ಪರಿಹಾರದ ಕೆಲಸಕ್ಕೆ ಬಂದ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಚಿಲ್ಲರೆ ಕಾಸು ಸಾಕು ಅಂತ ಸರ್ಕಾರ ಲೆಕ್ಕ ಹಾಕಿತು. ಇಡೀ ದಿನ ಮಣ್ಣು ಹೊರುವ ಗಂಡಸಿಗೆ ನಮ್ಮ ಲೆಕ್ಕದಲ್ಲಿ ಅರ್ಧ ಕೆಜಿಗಿಂತ ಕಡಿಮೆ! ಅದೇ ವೇಳೆಗೆ ಬಂದರಿನಿಂದ ಧಾನ್ಯದ ಹಡಗುಗಳು ಹೊರಡುತ್ತಲೇ ಇದ್ದವು. ಇದನ್ನು ಕಣ್ಣಾರೆ ಕಂಡ ತಲೆಮಾರು ಈ ಆರು ಜನರದ್ದು.

ಈಗ ಎರಡು ಭಾಷೆಯ ವಿಷಯಕ್ಕೆ ಬರೋಣ. ಇಂಗ್ಲಿಷ್ ಪತ್ರಿಕೆ ಮಾತಾಡುವುದು ಯಾರ ಜೊತೆ? ಗವರ್ನರ್ ಜೊತೆ, ಕಲೆಕ್ಟರ್ ಜೊತೆ, ಲಂಡನ್ನಿನ ಪಾರ್ಲಿಮೆಂಟಿನ ಒಬ್ಬಿಬ್ಬರು ಸದಸ್ಯರ ಜೊತೆ, ಮತ್ತೆ ನಮ್ಮಲ್ಲೇ ವಕೀಲಿ ಓದಿದ ಒಂದು ಹಿಡಿ ಜನರ ಜೊತೆ. ಅದರಿಂದ ಮನವಿ ಕೊಡಬಹುದು, ದೂರು ಹೇಳಬಹುದು. ಆದರೆ ಆ ದೂರು ಯಾರ ಪರವಾಗಿಯೋ ಆ ರೈತನಿಗೆ ತನ್ನ ಪರ ಒಬ್ಬ ಬರೆಯುತ್ತಿದ್ದಾನೆ ಅನ್ನುವುದೇ ಗೊತ್ತಾಗುವುದಿಲ್ಲ. ಸರ್ಕಾರವೂ ಅದನ್ನೇ ಎತ್ತಿ ಆಡುತ್ತಿತ್ತು: ನೀವು ನಾಲ್ಕು ಜನ ಓದಿದವರು, ಜನರ ಹೆಸರು ಹೇಳಬೇಡಿ ಅಂತ. ಆ ಮಾತಿನಲ್ಲಿ ಕುತಂತ್ರ ಇದ್ದರೂ ಸ್ವಲ್ಪ ಸತ್ಯವೂ ಇತ್ತು, ಅಲ್ವಾ?

ತಮಿಳು ಪತ್ರಿಕೆಗೆ ಓದುಗರು ತಾನಾಗಿ ಸಿಕ್ಕುತ್ತಾರೆ ಅಂತೇನೂ ಇಲ್ಲ. ಓದು ಬರುವವರೇ ಕಡಿಮೆ ಇದ್ದ ಕಾಲ. ಆದರೆ ನಮ್ಮ ಹಳ್ಳಿಗಳಲ್ಲಿ ಪೇಪರು ಓದುವ ರೀತಿ ಬೇರೆ. ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗಲೂ ಜಗಲಿ ಮೇಲೆ ಒಬ್ಬರು ಕನ್ನಡಕ ಏರಿಸಿ ಜೋರಾಗಿ ಓದುತ್ತಿದ್ದರು, ಏಳೆಂಟು ಜನ ಎಲೆಅಡಿಕೆ ಹಾಕುತ್ತಾ ಕೇಳುತ್ತಿದ್ದರು. ನಡುನಡುವೆ ಬೈಗುಳ, ವಾದ, ನಗು. ಒಂದು ಪ್ರತಿ ಅಂದರೆ ಒಬ್ಬ ಓದುಗ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ದೇಶಭಾಷೆಯ ಪತ್ರಿಕೆಯ ಬಲ ಇದ್ದದ್ದು ಆ ಜಗಲಿಯಲ್ಲಿ.

ಪತ್ರಿಕೆಗೆ ಇಟ್ಟ ಹೆಸರನ್ನೂ ನೋಡಿ. ಸ್ವದೇಶಮಿತ್ರನ್, ತನ್ನ ದೇಶದ ಗೆಳೆಯ. ಬಂಗಾಳ ಒಡೆದು ಸ್ವದೇಶಿ ಅನ್ನುವ ಮಾತು ಊರೂರಿಗೂ ಹಬ್ಬಿದ್ದು 1905ರಲ್ಲಿ. ಇವರು ಅದಕ್ಕೂ 23 ವರ್ಷ ಮೊದಲೇ ಆ ಪದವನ್ನು ಪತ್ರಿಕೆಯ ತಲೆಯ ಮೇಲೆ ಅಚ್ಚು ಹಾಕಿದ್ದರು.

ಮುಂದಿನ ಮೂರು ವರ್ಷ ಬೇಗ ಸಾಗುತ್ತವೆ. 1884ರಲ್ಲಿ ಗೆಳೆಯರ ಜೊತೆ ಮದ್ರಾಸ್ ಮಹಾಜನ ಸಭಾ ಕಟ್ಟಿದರು. 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ 72 ಜನ ಸೇರಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಸಿದಾಗ, ಮೊಟ್ಟಮೊದಲ ಠರಾವು ಮಂಡಿಸಿದವರು ಇವರೇ. ಭಾರತದ ಆಡಳಿತ ಹೇಗೆ ನಡೆಯುತ್ತಿದೆ ಅಂತ ರಾಯಲ್ ಕಮಿಷನ್ ತನಿಖೆ ಮಾಡಲಿ ಅನ್ನುವ ಬೇಡಿಕೆ.

ಕಷ್ಟ ಶುರುವಾದದ್ದು ಮನೆಯೊಳಗಿನ ವಿಷಯಕ್ಕೆ ಕೈ ಹಾಕಿದಾಗ.

ವಿಧವಾ ವಿವಾಹಕ್ಕೆ ಕಾನೂನು 1856ರಲ್ಲೇ ಬಂದಿತ್ತು. ಅಂದರೆ ಶಿವಪ್ರಿಯಮ್ಮಾಳ್ ಮದುವೆಯ ಹೊತ್ತಿಗೆ ಅದಕ್ಕೆ 33 ವರ್ಷ. ಹಾಗಾದರೆ ಇದರಲ್ಲಿ ದೊಡ್ಡ ಸಾಹಸ ಏನು ಬಂತು? ಕಾನೂನು ಹೇಳಿದ್ದು, ಅಂಥ ಮದುವೆ ಊರ್ಜಿತ, ಹುಟ್ಟುವ ಮಕ್ಕಳು ಔರಸ ಮಕ್ಕಳೇ ಅಂತ. ಅಷ್ಟೇ. ಮದುವೆಗೆ ಬರುವ ಪುರೋಹಿತರನ್ನು ಕಾನೂನು ತರುವುದಿಲ್ಲ. ಮದುವೆಯಾದ ಮೇಲೆ ಪಂಕ್ತಿಯಲ್ಲಿ ಎಲೆ ಹಾಕಿಸುವುದಿಲ್ಲ. ಉಳಿದ ಹೆಣ್ಣುಮಕ್ಕಳಿಗೆ ಗಂಡು ಹುಡುಕಿಕೊಡುವುದಿಲ್ಲ. ಮಠದಿಂದ ಬಹಿಷ್ಕಾರ ಬಂದರೆ ಯಾವ ಕೋರ್ಟೂ ಅದನ್ನು ತಡೆಯುವುದಿಲ್ಲ. ರಾಜಮಹೇಂದ್ರಿಯಲ್ಲಿ ಕಂದುಕೂರಿ ವೀರೇಶಲಿಂಗಂ 1881ರಲ್ಲಿ ಇಂಥ ಮೊದಲ ಮದುವೆ ಮಾಡಿಸಿದಾಗ ಆದದ್ದೂ ಇದೇ ಪಾಡು. ಹೊಗಳಿ ಭಾಷಣ ಮಾಡಿದವರು ಊಟಕ್ಕೆ ಕೂರುವ ಹೊತ್ತಿಗೆ ಕಾಣೆಯಾಗುತ್ತಿದ್ದರು.

ಮದರಾಸಿನಲ್ಲಿ ಅಂಥವರು ಜಾಸ್ತಿ ಇದ್ದರು. ವೇದಿಕೆಯ ಮೇಲೆ ಸುಧಾರಣೆ, ಮನೆಯಲ್ಲಿ ಎಂಟು ವರ್ಷದ ಮಗಳ ಮದುವೆ. ಇಂಥವರ ನಡುವೆ ಸಂಪಾದಕರೊಬ್ಬರು ತಾನು ಬರೆದದ್ದನ್ನು ತನ್ನ ಮಗಳ ಮದುವೆಯಲ್ಲೇ ಮಾಡಿ ತೋರಿಸಿದರು. ನೆಂಟರು ದೂರವಾದರು. ಜಾತಿಯವರು ಹೊರಗಿಟ್ಟರು. ಅವರು ಬರೆಯುವುದು ನಿಲ್ಲಿಸಲಿಲ್ಲ. ಮದುವೆಯ ವಯಸ್ಸು ಏರಿಸಬೇಕು, ಹೆಣ್ಣುಮಕ್ಕಳು ಓದಬೇಕು ಅಂತ ಎರಡೂ ಭಾಷೆಯಲ್ಲಿ ಬರೆದರು.

ಆ ಕಾಲದ ದೊಡ್ಡ ಜಗಳವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಏನಾಗಬೇಕು, ರಾಜಕೀಯ ಹಕ್ಕೋ ಸಮಾಜದ ಸುಧಾರಣೆಯೋ? ಒಂದು ಗುಂಪು ಹೇಳಿತು: ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆದರೆ ನಮ್ಮಲ್ಲೇ ಒಡಕು ಬರುತ್ತದೆ, ಬಿಳಿಯನಿಗೆ ಅದೇ ಬೇಕಾಗಿರುವುದು, ಮೊದಲು ಅಧಿಕಾರ ಸಿಗಲಿ. ಇನ್ನೊಂದು ಗುಂಪು ಹೇಳಿತು: ಹತ್ತು ವರ್ಷದ ವಿಧವೆಯನ್ನು ಕತ್ತಲೆಕೋಣೆಯಲ್ಲಿ ಇಟ್ಟವರು ಸ್ವಾತಂತ್ರ್ಯ ಕೇಳುವುದು ಹೇಗೆ? ಕಾಂಗ್ರೆಸ್ಸು ಜಾಣತನದಿಂದ ಸುಧಾರಣೆಯ ವಿಷಯವನ್ನು ಹೊರಗಿಟ್ಟಿತು. ಅದಕ್ಕೇ 1887ರಿಂದ ರಾನಡೆಯವರು, ಮದರಾಸಿನ ದಿವಾನ್ ಬಹದ್ದೂರ್ ರಘುನಾಥ ರಾವ್ ಮೊದಲಾದವರು ಬೇರೆಯೇ ಒಂದು ಸಮಾಜ ಸುಧಾರಣಾ ಪರಿಷತ್ತು ನಡೆಸತೊಡಗಿದರು. ಕಾಂಗ್ರೆಸ್ ಮುಗಿದ ಮೇಲೆ ಅದೇ ಚಪ್ಪರದಲ್ಲಿ ಅದು ಸೇರುತ್ತಿತ್ತು. 1895ರಲ್ಲಿ ಪುಣೆಯಲ್ಲಿ ಚಪ್ಪರ ಕೊಡಬಾರದು ಅಂತ ಎಷ್ಟು ಗಲಾಟೆ ಎದ್ದಿತೆಂದರೆ, ಪರಿಷತ್ತು ಬೇರೆ ಜಾಗ ಹುಡುಕಬೇಕಾಯಿತು.

ಸುಬ್ರಹ್ಮಣ್ಯ ಅಯ್ಯರಿಗೆ ಎರಡರಲ್ಲಿ ಒಂದನ್ನು ಬಿಡುವುದು ಆಗಲಿಲ್ಲ. ಅದಕ್ಕೆ ಬೆಲೆ ತೆತ್ತದ್ದು ಪತ್ರಿಕೆ. 'ದಿ ಹಿಂದೂ'ವಿನ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಹಳೆಯ ಗೆಳೆಯ, ಪಾಲುದಾರ ಎಂ. ವೀರರಾಘವಾಚಾರ್ಯರು. ಪಾಪ, ಅವರ ಕಷ್ಟವೂ ಅರ್ಥವಾಗುವಂಥದ್ದೇ. ಚಂದಾ ಕೊಡುವವರು ಹೆಚ್ಚಾಗಿ ಸಂಪ್ರದಾಯಸ್ಥರು. ಒಂದೊಂದು ಸಂಪಾದಕೀಯಕ್ಕೂ ಒಂದಷ್ಟು ಚಂದಾದಾರರು ಉದುರುತ್ತಿದ್ದರೆ ಪ್ರೆಸ್ಸಿನ ಬಾಡಿಗೆ ಎಲ್ಲಿಂದ ತರುವುದು? ಮಾನನಷ್ಟದ ಮೊಕದ್ದಮೆಗಳ ಖರ್ಚು ಬೇರೆ. 1898ರಲ್ಲಿ ಇಬ್ಬರೂ ಬೇರೆಯಾದರು. ಅಯ್ಯರ್ ತಾವೇ ಹುಟ್ಟುಹಾಕಿದ ಇಂಗ್ಲಿಷ್ ಪತ್ರಿಕೆಯಿಂದ ಹೊರನಡೆದರು. ಏಳು ವರ್ಷದ ಮೇಲೆ ಕಸ್ತೂರಿ ರಂಗ ಅಯ್ಯಂಗಾರ್ 75,000 ರೂಪಾಯಿಗೆ ಅದನ್ನು ಕೊಂಡಾಗ ಅದರ ಪ್ರಸಾರ ಬರೀ 800.

ಹೊರಬಂದ ಮರುವರ್ಷವೇ ಸ್ವದೇಶಮಿತ್ರನ್ ದಿನಪತ್ರಿಕೆಯಾಯಿತು. 1882ರಲ್ಲಿ ಪಕ್ಕದ ಕೆಲಸದಂತೆ ಶುರುವಾದದ್ದು ಈಗ ಅವರ ಇಡೀ ಬದುಕಾಯಿತು.

ದಿನಪತ್ರಿಕೆ ಅಂದರೆ ದಿನಾ ಭಾಷೆಯ ಜೊತೆ ಕುಸ್ತಿ. ತಂತಿ ಸುದ್ದಿ ಬರುವುದು ಇಂಗ್ಲಿಷಿನಲ್ಲಿ. ಬಜೆಟ್, ಡೆಪ್ಯುಟೇಶನ್, ಸೆಲೆಕ್ಟ್ ಕಮಿಟಿ ಇವಕ್ಕೆಲ್ಲ ತಮಿಳಿನಲ್ಲಿ ಮಾತೇ ಇರಲಿಲ್ಲ. ಪುರಾಣ, ಪದ್ಯ, ಜಮಾಖರ್ಚು ಬರೆದು ಗೊತ್ತಿದ್ದ ಭಾಷೆಗೆ ರಷ್ಯಾ ಜಪಾನ್ ಯುದ್ಧದ ಸುದ್ದಿ ಬರೆಯುವುದನ್ನು ಕಲಿಸಬೇಕಿತ್ತು. ಆ ಕೆಲಸಕ್ಕೆ 1904ರಲ್ಲಿ ಮದುರೆಯಿಂದ ಒಬ್ಬ ಹುಡುಗನನ್ನು ಕರೆತಂದರು. ಅಲ್ಲಿ ಸೇತುಪತಿ ಹೈಸ್ಕೂಲಿನಲ್ಲಿ ತಮಿಳು ಪಾಠ ಹೇಳುತ್ತಿದ್ದ. ವಯಸ್ಸು 21. ಹೆಸರು ಸುಬ್ರಹ್ಮಣ್ಯ ಭಾರತಿ. ಕೊಟ್ಟ ಹುದ್ದೆ ಸಹಾಯಕ ಸಂಪಾದಕ. ಮಾಡಬೇಕಾದ ಕೆಲಸ ಬಹುಪಾಲು ಅನುವಾದ. ಮಹಾಕವಿಯ ಗದ್ಯ ಪಳಗಿದ್ದು ಆ ಮೇಜಿನ ಮೇಲೆ. ಎರಡು ವರ್ಷದಲ್ಲಿ ಭಾರತಿಗೆ ಅಯ್ಯರ್ ದಾರಿ ತೀರಾ ನಿಧಾನ ಅನಿಸಿತು, ಬೇರೆ ಪತ್ರಿಕೆಗೆ ಹೋದರು. ಆದರೂ ಇವರ ಹತ್ತಿರ ಕಲಿತದ್ದನ್ನು ಮರೆಯಲಿಲ್ಲ.

ಇನ್ನು ಹಣದ ಮಾತು. ಅಯ್ಯರ್ ಸುಮ್ನೆ 'ಬಡತನ, ಬಡತನ' ಅಂತ ಗೋಳಾಡುವವರಲ್ಲ. ಪ್ರಾಂತ್ಯ ಯಾಕೆ ಬಡವಾಗಿದೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸುವವರು. ಅದರ ಎರಡು ಎಳೆ ನೋಡೋಣ.

ಒಂದು, ಕಂದಾಯ. ಮದರಾಸು ಪ್ರಾಂತ್ಯದ ಹೆಚ್ಚಿನ ಕಡೆ ಇದ್ದದ್ದು ರೈತವಾರಿ ಪದ್ಧತಿ. ನಡುವೆ ಜಮೀನ್ದಾರ ಇಲ್ಲ, ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ 30 ವರ್ಷಕ್ಕೊಮ್ಮೆ ದರ ಹೊಸದಾಗಿ ಗೊತ್ತುಮಾಡುತ್ತಾರೆ. ಆ ಸಲ ಎಷ್ಟು ಏರುತ್ತದೆ ಅನ್ನುವುದು ರೈತನ ಕೈಯಲ್ಲಿ ಇಲ್ಲ, ಕೋರ್ಟಿಗೆ ಹೋಗುವಂತೆಯೂ ಇಲ್ಲ. ಮಳೆ ಬರಲಿ ಬಿಡಲಿ, ಕಂದಾಯ ಹಣದ ರೂಪದಲ್ಲೇ ಕಟ್ಟಬೇಕು. ಹಾಗಾಗಿ ಫಸಲು ಕೈಗೆ ಬಂದ ಕೂಡಲೇ, ಬೆಲೆ ಬಿದ್ದಿರುವಾಗಲೇ ಮಾರಬೇಕು. ಸಾಲದಿದ್ದರೆ ಸಾಹುಕಾರ. ಬರ ಬಂದಾಗ ಕಣಜದಲ್ಲಿ ಕಾಳಿಲ್ಲ ಅನ್ನುವುದಕ್ಕೆ ಇದು ಅರ್ಧ ಕಾರಣ.

ಎರಡು, ಲಂಡನ್ನಿಗೆ ಹೋಗುವ ದುಡ್ಡು. ಅದಕ್ಕೆ ಹೋಮ್ ಚಾರ್ಜಸ್ ಅನ್ನುತ್ತಿದ್ದರು. ರಿಟೈರಾದ ಸಾಹೇಬರ ಪಿಂಚಣಿ, ಲಂಡನ್ನಿನ ಇಂಡಿಯಾ ಆಫೀಸಿನ ಸಂಬಳ, ಸಾಲದ ಮತ್ತು ರೈಲ್ವೆಯ ಬಡ್ಡಿ, ಸೈನ್ಯದ ಖರ್ಚು, ಎಲ್ಲವೂ ಭಾರತದ ಕಂದಾಯದಿಂದ. ತೆರಿಗೆ ತಂಜಾವೂರಿನಲ್ಲಿ ಕಟ್ಟಿ, ಖರ್ಚು ತಂಜಾವೂರಿನಲ್ಲೇ ಆದರೆ ಆ ದುಡ್ಡು ಅಲ್ಲಿಯ ನೇಕಾರನ, ಬಡಗಿಯ, ಅಂಗಡಿಯವನ ಕೈ ದಾಟಿ ಮತ್ತೆ ರೈತನಿಗೇ ಬರುತ್ತದೆ. ಸಮುದ್ರ ದಾಟಿದರೆ ವಾಪಸ್ ಬರುವುದಿಲ್ಲ. 1897ರಲ್ಲಿ ಭಾರತದ ಖರ್ಚುವೆಚ್ಚ ವಿಚಾರಿಸಲು ಕೂತ ವೆಲ್ಬಿ ಆಯೋಗದ ಮುಂದೆ ಲಂಡನ್ನಿಗೆ ಹೋಗಿ ಸಾಕ್ಷಿ ಹೇಳಿದ ನಾಲ್ವರು ಭಾರತೀಯರಲ್ಲಿ ಇವರೂ ಒಬ್ಬರು. ಉಳಿದವರು ಗೋಖಲೆ, ದಿನ್‌ಶಾ ವಾಚಾ, ಸುರೇಂದ್ರನಾಥ ಬ್ಯಾನರ್ಜಿ. 1903ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ತಂದರು.

ಇವರು ಕೇಳುತ್ತಿದ್ದ ಅಭಿವೃದ್ಧಿಯ ಅರ್ಥ ಇಷ್ಟು: ನೀರಾವರಿ, ಕೈಗಾರಿಕೆ, ಕಸುಬಿನ ಶಿಕ್ಷಣ, ನಮ್ಮ ಬಂಡವಾಳ. 1906ರಲ್ಲಿ ತೂತ್ತುಕುಡಿಯಲ್ಲಿ ವ.ಉ. ಚಿದಂಬರಂ ಪಿಳ್ಳೈ ಕೊಲಂಬೋಗೆ ಸ್ವದೇಶಿ ಹಡಗು ಓಡಿಸಲು ಕಂಪನಿ ಮಾಡಿದಾಗ ಆ ಆಸೆ ಕಣ್ಣಿಗೆ ಕಾಣುವ ರೂಪ ತಾಳಿತು. ಬ್ರಿಟಿಷ್ ಕಂಪನಿ ಟಿಕೆಟ್ ದರ ನೆಲಕ್ಕೆ ಇಳಿಸಿತು. ಮುಂದೆ ಚಿದಂಬರಂ ಜೈಲಿಗೆ ಹೋದರು, ಹಡಗಿನ ಕಂಪನಿ ಮುಳುಗಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಬಾಲ ವಿಧವೆಯರ ಗೋಳು ಮುಖ್ಯವಾಗಿ ಮೇಲ್ಜಾತಿಯ ಮನೆಗಳದ್ದು. ಎಷ್ಟೋ ಜಾತಿಗಳಲ್ಲಿ ಕೂಡಿಕೆ ಮದುವೆ ಮೊದಲಿಂದಲೂ ಇತ್ತು. ಹಾಗಾಗಿ ಆ ಕಾಲದಲ್ಲಿ 'ಸಮಾಜ ಸುಧಾರಣೆ' ಅಂದರೆ ಹೆಚ್ಚಾಗಿ ತಮ್ಮ ಮನೆಯ ಸುಧಾರಣೆಯೇ ಆಗಿತ್ತು. ಅಸ್ಪೃಶ್ಯರ ಬಗ್ಗೆ ಅಯ್ಯರ್ ಬರೆದರು ನಿಜ. ಆದರೆ ಅಸ್ಪೃಶ್ಯರ ಮಾತನ್ನು ಅಸ್ಪೃಶ್ಯರೇ ಆಡುವುದು ಬೇರೆ. ಸ್ವದೇಶಮಿತ್ರನ್ ಬರುತ್ತಿದ್ದ ಮದರಾಸಿನಲ್ಲೇ, ರಾಯಪೇಟೆಯಲ್ಲಿ ದಲಿತ ಸಮುದಾಯದ ಸಿದ್ಧ ವೈದ್ಯ ಅಯೋತ್ತಿದಾಸ ಪಂಡಿತರು 1907ರಲ್ಲಿ ಒಂದು ವಾರಪತ್ರಿಕೆ ಹೊರಡಿಸಿದರು. ಅದಕ್ಕೆ ಬೆಲೆಯನ್ನೇ ಹೆಸರಾಗಿ ಇಟ್ಟರು: 'ಒರು ಪೈಸಾ ತಮಿಳನ್'. ಸ್ವದೇಶಿ ಸ್ವದೇಶಿ ಅನ್ನುವ ನಾಯಕರನ್ನು ಅದು ನೇರವಾಗಿ ಕೇಳಿತು, ನಿಮ್ಮ ಸ್ವದೇಶದಲ್ಲಿ ನಮ್ಮ ಜಾಗ ಎಲ್ಲಿ ಅಂತ. ನಮ್ಮ ಕೋಲಾರದ ಚಿನ್ನದ ಗಣಿಯ ತಮಿಳು ಕಾರ್ಮಿಕರಲ್ಲಿ ಆ ಪತ್ರಿಕೆಗೂ ಅವರ ಬೌದ್ಧ ಚಳವಳಿಗೂ ಗಟ್ಟಿ ನೆಲೆ ಇತ್ತು. ಮುಂದೆ 'ತಮಿಳನ್' ಕೆಜಿಎಫ್‌ನಿಂದಲೇ ಹೊರಬಂದ ಕಾಲವೂ ಇತ್ತು. ಇವೆರಡು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಆ ಕಾಲದ ಮದರಾಸು ಪೂರ್ತಿ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಅದೇ ಮದರಾಸು ಪ್ರಾಂತ್ಯದ ಇನ್ನೊಂದು ತುದಿ ಮಂಗಳೂರು. ಅಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿದರು. ಅವರೂ ಆಡಿದ್ದನ್ನು ಮಗಳ ಮದುವೆಯಲ್ಲೇ ಮಾಡಿ ತೋರಿಸಿದವರು. ಸಾರಸ್ವತ ಮನೆಯ ಹುಡುಗಿ ರಾಧಾಬಾಯಿಯನ್ನು ಸೇಲಂ ಕಡೆಯ ಕೊಂಗು ಗೌಂಡರ್ ಮನೆತನದ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟರು. ಆ ಅಳಿಯ ಮುಂದೆ ಮದರಾಸಿನ ಮುಖ್ಯಮಂತ್ರಿಯೂ ಆದರು.

1908 ಪತ್ರಿಕೆಯವರಿಗೆ ಕೆಟ್ಟ ವರ್ಷ. ಮೈಸೂರಿನಲ್ಲಿ ದಿವಾನ್ ಮಾಧವರಾಯರು ಪತ್ರಿಕಾ ಕಾಯಿದೆ ತಂದರು. ತಾತಯ್ಯ ಅಂತಲೇ ಎಲ್ಲರೂ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅದೇ ವರ್ಷ ಮದರಾಸು ಸರ್ಕಾರ ಸ್ವದೇಶಮಿತ್ರನ್ ಬರಹಗಳಿಗಾಗಿ ಸುಬ್ರಹ್ಮಣ್ಯ ಅಯ್ಯರನ್ನು ರಾಜದ್ರೋಹದ ಮೇಲೆ ಬಂಧಿಸಿತು. ಅಷ್ಟು ಹೊತ್ತಿಗೆ ಅವರ ಮೈಯನ್ನು ಚರ್ಮದ ಕೆಟ್ಟ ಕಾಯಿಲೆ ತಿನ್ನುತ್ತಿತ್ತು. ಜೈಲಿನಲ್ಲಿ ಇರುವ ಸ್ಥಿತಿಯಲ್ಲಿ ಇರಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ಹೊರಬಂದರು. ರಾಜಕೀಯದ ತೀವ್ರಗಾಮಿಗಳಿಗೆ ಇದು ಹಿಡಿಸಲಿಲ್ಲ. 53 ವರ್ಷದ, ಕೈಕಾಲು ಹುಣ್ಣಾದ ಮನುಷ್ಯನ ಬಗ್ಗೆ ತೀರ್ಪು ಕೊಡುವುದು ನನಗಂತೂ ಕಷ್ಟ.

1915ರಲ್ಲಿ ಪತ್ರಿಕೆಯನ್ನು ಎ. ರಂಗಸ್ವಾಮಿ ಅಯ್ಯಂಗಾರರಿಗೆ ಬಿಟ್ಟುಕೊಟ್ಟರು. ಅವರು 'ದಿ ಹಿಂದೂ' ಕೊಂಡ ಕಸ್ತೂರಿ ರಂಗ ಅಯ್ಯಂಗಾರರ ಹತ್ತಿರದ ನೆಂಟರೇ. ಹೀಗೆ ಮೇಷ್ಟ್ರು ಕಟ್ಟಿದ ಎರಡೂ ಪತ್ರಿಕೆ ಒಂದೇ ಮನೆತನದ ಕೈ ಸೇರಿದವು. 1916ರ ಏಪ್ರಿಲ್ 18ರಂದು ಅಯ್ಯರ್ ತೀರಿಕೊಂಡರು. ಭಾರತಿ 1920ರಲ್ಲಿ ಮತ್ತೆ ಸ್ವದೇಶಮಿತ್ರನ್ ಮೇಜಿಗೆ ಬಂದು ಕೂತರು. ಮರುವರ್ಷ ಸಾಯುವಾಗಲೂ ಅದೇ ಪತ್ರಿಕೆಯ ಕೆಲಸದಲ್ಲಿದ್ದರು.

ಸ್ವದೇಶಮಿತ್ರನ್ ಈಗ ಇಲ್ಲ. ಇಂಗ್ಲಿಷ್ ಪತ್ರಿಕೆ ನಡೆಯುತ್ತಲೇ ಇದೆ. ಅದರ ಮನೆಯಿಂದ ಒಂದು ತಮಿಳು ದಿನಪತ್ರಿಕೆ ಹೊರಬಂದದ್ದು 2013ರ ಸೆಪ್ಟೆಂಬರಿನಲ್ಲಿ. ಮೇಷ್ಟ್ರು ಆ ಕೆಲಸಕ್ಕೆ ಕೈ ಹಾಕಿ ಆಗಲೇ 131 ವರ್ಷ ಆಗಿತ್ತು.